ಐದನೇ ಒಂದು ಭಾಗ

ಜನವರಿ ೮, ಸೋಮವಾರ

ರಕ್ತದೊತ್ತಡ ಏರಿದೆಯಂತೆ. "ಸಿಟ್ಟು ಬಂದಾಗ ಯಾರ ಮೇಲೂ ಹಾರಾಡಬೇಡಿ, ಒಂದು ಕಡೆ ಕೂತು ಬರೀರಿ" ಎಂದು ಡಾಕ್ಟರು ಹೇಳಿದ್ದಾರೆ. ಹಾಗಾಗಿ ಈ ಡೈರಿ. ಯಜಮಾನರು ನಿನ್ನೆಯೇ ತಂದುಕೊಟ್ಟರು. ನನ್ನ ಆರೋಗ್ಯದ ಬಗ್ಗೆ ಅವರು ಇಷ್ಟು ಚುರುಕಾಗಿದ್ದು ಮದುವೆಯಾದ ಮೇಲೆ ಇದೇ ಮೊದಲು.

ಇಂದಿನ ಸಿಟ್ಟಿಗೆ ಕಾರಣ ಒಂದು ಸುತ್ತೋಲೆ. ಇನ್ನು ಮುಂದೆ ವಿಜ್ಞಾನವನ್ನು ಮಕ್ಕಳೇ ಕೈಯಾರೆ ಮಾಡಿ ಕಲಿಯಬೇಕಂತೆ. ನಾನು ಇಪ್ಪತ್ತು ಚಿಲ್ಲರೆ ವರ್ಷ ಬಾಯಾರೆ ಹೇಳಿ ಕಲಿಸಿದೆ. ನೂರಕ್ಕೆ ತೊಂಬತ್ತು ತೆಗೆದವರ ಫೋಟೋಗಳು ಶಾಲೆಯ ಮೊಗಸಾಲೆಯಲ್ಲಿ ಸಾಲಾಗಿ ನೇತಾಡುತ್ತಿವೆ. ಅವರಲ್ಲಿ ಒಬ್ಬರೂ ಒಂದು ಪ್ರನಾಳ ಮುಟ್ಟಿದವರಲ್ಲ, ಆದ್ದರಿಂದ ಒಂದು ಪ್ರನಾಳವೂ ಒಡೆದಿಲ್ಲ. ಇದನ್ನು ಯಾರೂ ಸಾಧನೆ ಎಂದು ಲೆಕ್ಕಕ್ಕೆ ಹಿಡಿಯುವುದಿಲ್ಲ.

ತಿಂಗಳ ಕೊನೆಗೆ ಅಧಿಕಾರಿಗಳು ತಪಾಸಣೆಗೆ ಬರುತ್ತಾರೆ. ಹತ್ತನೇ ತರಗತಿಯ ಪ್ರಯೋಗ ನೋಡುತ್ತಾರೆ. ಸಭೆ ಮುಗಿದ ಮೇಲೆ ಹೆಡ್ಮಾಸ್ಟರು ನನ್ನೊಬ್ಬಳನ್ನೇ ಉಳಿಸಿಕೊಂಡರು.

"ಮೇಡಂ, ಬೇಸಿಗೆಗೆ ನಾನು ನಿವೃತ್ತಿ. ಆಮೇಲೆ ಈ ಕುರ್ಚಿಗೆ ನೀವು, ಇಲ್ಲಾ ಗಣಿತದ ಮೇಷ್ಟ್ರು. ತಪಾಸಣೆ ಚೆನ್ನಾಗಿ ಆದ್ರೆ ಕುರ್ಚಿ ನಿಮ್ದೇ ಅಂದ್ಕೊಳ್ಳಿ."

ಆ ಕುರ್ಚಿಯ ಒಂದು ಕಾಲು ಅಲ್ಲಾಡುತ್ತದೆ, ಕೆಳಗೆ ಮಡಚಿದ ರಟ್ಟು ಇಟ್ಟಿದ್ದಾರೆ. ಆದರೂ ಬೇಕು. ನನಗೆ ಆ ಕುರ್ಚಿ ತುಂಬಾ ಬೇಕು. ಡೈರಿಯಲ್ಲಿ ಯಾರ ಮುಂದೆ ನಾಚಿಕೆ?

ಜನವರಿ ೧೧, ಗುರುವಾರ

ಪ್ರಯೋಗಾಲಯದ ಬಾಗಿಲು ತೆಗೆಸಿದೆವು. ಅಲ್ಲಿನ ಸಹಾಯಕನಿಗೆ ಮಕ್ಕಳು 'ಬೀಗದಣ್ಣ' ಎಂದು ಹೆಸರಿಟ್ಟಿದ್ದಾರೆ. ಸರಿಯಾಗಿಯೇ ಇಟ್ಟಿದ್ದಾರೆ. ಅವನ ಸೊಂಟದಲ್ಲಿರುವ ಕೀಲಿಗಳನ್ನು ತೂಗಿದರೆ ಒಂದು ಮಗುವಿನಷ್ಟು ತೂಕವಿದ್ದೀತು. ಒಳಗೆ ಕಾಲಿಟ್ಟ ತಕ್ಷಣ ಶುರು ಮಾಡಿದ.

"ಮೇಡಂ, ಮುಟ್ಬೇಡಿ, ಒಡೆಯುತ್ತೆ. ಅದನ್ನೂ ಮುಟ್ಬೇಡಿ, ಅದು ಆಗಲೇ ಒಡೆದಿದೆ."

ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟರೆ ನಮ್ಮದೇ ರೆಪ್ಪೆ ಕಾಣುತ್ತದೆ. ತಕ್ಕಡಿಯಲ್ಲಿ ಜೇಡ ಸಂಸಾರ ಹೂಡಿದೆ. ಲಿಟ್ಮಸ್ ಕಾಗದ ಆಮ್ಲಕ್ಕೂ ಹೆದರುವುದಿಲ್ಲ, ಕ್ಷಾರಕ್ಕೂ ಹೆದರುವುದಿಲ್ಲ. ಎಲ್ಲಕ್ಕೂ ಒಂದೇ ಬೂದು ಮುಖ ತೋರಿಸುತ್ತದೆ.

ಹಾಗೆಂದು ನಾವು ಪ್ರಯೋಗ ಮಾಡಿಸುವುದೇ ಇಲ್ಲ ಎಂದಲ್ಲ. ವಾರಕ್ಕೊಮ್ಮೆ ಪ್ರಯೋಗದ ಪೀರಿಯಡ್ ಇದೆ. ಉದ್ದೇಶ, ಸಾಮಗ್ರಿ, ವಿಧಾನ, ವೀಕ್ಷಣೆ, ತೀರ್ಮಾನ ಎಂದು ನಾನು ಹೇಳುತ್ತೇನೆ, ಅವರು ಬರೆದುಕೊಳ್ಳುತ್ತಾರೆ. ಏನನ್ನೂ ನೋಡದೆ ವೀಕ್ಷಣೆ ಬರೆಯುವುದರಲ್ಲಿ ನಮ್ಮ ಮಕ್ಕಳದು ಎತ್ತಿದ ಕೈ.

ತಪಾಸಣೆಗೆ ಯಾವ ಪ್ರಯೋಗ ಎಂದು ಹೆಡ್ಮಾಸ್ಟರನ್ನು ಕೇಳಿದೆ. "ನೋಡಿದೋರು ಬಾಯಿ ಬಿಡ್ಬೇಕು. ಆದ್ರೆ ಏನೂ ಆಗ್ಬಾರ್ದು" ಎಂದರು.

ಮೇಣದ ಬತ್ತಿಯ ಪ್ರಯೋಗವನ್ನು ಆರಿಸಿದೆ. ತಟ್ಟೆಯಲ್ಲಿ ನೀರು, ನಡುವೆ ಉರಿಯುವ ಬತ್ತಿ, ಮೇಲೆ ಗಾಜಿನ ಜಾಡಿ ಬೋರಲು. ಬತ್ತಿ ಆರುತ್ತದೆ, ನೀರು ಜಾಡಿಯೊಳಗೆ ಐದನೇ ಒಂದು ಭಾಗ ಏರುತ್ತದೆ. ಯಾಕೆಂದರೆ ಗಾಳಿಯಲ್ಲಿ ಐದನೇ ಒಂದು ಭಾಗ ಆಮ್ಲಜನಕ, ಬತ್ತಿ ಅದನ್ನು ತಿಂದುಬಿಟ್ಟಿತು, ಖಾಲಿಯಾದ ಜಾಗದಲ್ಲಿ ನೀರು ಬಂದು ಕೂತಿತು. ಎಷ್ಟು ಅಚ್ಚುಕಟ್ಟು! ಇದನ್ನು ನಾನು ಕಪ್ಪು ಹಲಗೆಯ ಮೇಲೆ ಎಷ್ಟು ಸಲ ಮಾಡಿದ್ದೇನೋ ಲೆಕ್ಕವಿಲ್ಲ. ಒಮ್ಮೆಯೂ ತಪ್ಪಿದ್ದಿಲ್ಲ.

ಜನವರಿ ೧೭, ಬುಧವಾರ

ಇಂದು ತಾಲೀಮು. ಜಾಡಿಯನ್ನು ಐದು ಸಮಪಾಲು ಮಾಡಿ ಮೊದಲ ಪಾಲಿನ ಗೆರೆಗೆ ಕೆಂಪು ಟೇಪು ಸುತ್ತಿದ್ದೆ. ಹೆಡ್ಮಾಸ್ಟರು ಬಂದರು. ಗಣಿತದ ಮೇಷ್ಟ್ರು ಕರೆಯದೆಯೇ ಬಂದರು. ಆಯ್ದ ಮಕ್ಕಳನ್ನು ಸುತ್ತ ನಿಲ್ಲಿಸಿ, ಬತ್ತಿ ಹಚ್ಚಿ, ಜಾಡಿ ಬೋರಲು ಹಾಕಿದೆ. ಬತ್ತಿ ಆರಿತು. ನೀರು ಏರಿತು. ಟೇಪಿನ ಅರ್ಧ ಎತ್ತರಕ್ಕೇ ನಿಂತುಬಿಟ್ಟಿತು.

ಎಲ್ಲರೂ ನನ್ನ ಮುಖ ನೋಡಿದರು, ಉಳಿದ ನೀರನ್ನು ನಾನೇ ಕುಡಿದಿರುವ ಹಾಗೆ.

"ಹತ್ತನೇ ಒಂದು ಭಾಗ ಆಯ್ತಲ್ಲ ಮೇಡಂ. ಈಚೆಗೆ ಗಾಳಿ ಕೆಟ್ಟಿದೆ, ಅದಕ್ಕಿರಬಹುದು" ಎಂದರು ಗಣಿತದ ಮೇಷ್ಟ್ರು, ಬಹಳ ಮರುಕದಿಂದ.

ಮತ್ತೆ ಮಾಡಿದೆ. ಮತ್ತೆ ಅಷ್ಟೇ. ಆಗ ಹೆಡ್ಮಾಸ್ಟರಿಗೆ ಜ್ಞಾನೋದಯವಾಯಿತು. "ಇನ್ನೊಂದು ಬತ್ತಿ ಹಾಕಿ ನೋಡಿ."

ಎರಡು ಬತ್ತಿಗೆ ಟೇಪನ್ನು ಒಂದಿಷ್ಟು ದಾಟಿತು. ಅವರಿಗೆ ಹುಮ್ಮಸ್ಸು ಬಂದು ಮೂರನೆಯದನ್ನೂ ತಾವೇ ಇಟ್ಟರು. ನೀರು ಸರಸರ ಮೇಲೇರಿ ಟೇಪನ್ನು ಎಲ್ಲೋ ಕೆಳಗೆ ಬಿಟ್ಟಿತು. "ಅಯ್ಯಯ್ಯೋ, ಜಾಸ್ತಿ ಆಯ್ತು, ಜಾಸ್ತಿ ಆಯ್ತು!" ಎಂದು ಸಾರಿಗೆ ಉಪ್ಪು ಸುರಿದವರಂತೆ ಕೂಗಿಕೊಂಡರು. ಕೊನೆಗೆ ಎರಡರಲ್ಲಿ ಒಂದು ಬತ್ತಿಯನ್ನು ಗಿಡ್ಡ ಕತ್ತರಿಸಿ, ಜಾಡಿಯನ್ನು ಸ್ವಲ್ಪ ಬೇಗ ಇಳಿಸಿದಾಗ ನೀರು ಟೇಪಿಗೆ ಸರಿಯಾಗಿ ಬಂದು ನಿಂತಿತು. ಚಪ್ಪಾಳೆ ಬಿತ್ತು. ಅದೇ ಅಳತೆಯ ಬತ್ತಿಗಳನ್ನು ತಪಾಸಣೆಗೆಂದು ಕತ್ತರಿಸಿಟ್ಟು, ಬೀಗದಣ್ಣ ಕಪಾಟಿನಲ್ಲಿ ಬಂದೋಬಸ್ತು ಮಾಡಿದ.

ಎಲ್ಲ ಮುಗಿಯಿತು ಎನ್ನುವಾಗ 'ಆದ್ರೆ' ಬಾಯಿ ತೆರೆದಳು. ಹಾಜರಿಯಲ್ಲಿ ಅವಳಿಗೆ ಬೇರೆ ಹೆಸರಿದೆ. ಪ್ರತಿ ಮಾತನ್ನೂ 'ಆದ್ರೆ' ಎಂದೇ ಶುರು ಮಾಡುವುದರಿಂದ ಇಡೀ ಶಾಲೆ ಅವಳನ್ನು ಹಾಗೇ ಕರೆಯುತ್ತದೆ. ಕನ್ನಡಕ ಮೂಗಿನ ಮೇಲೆ ನಿಲ್ಲುವುದಿಲ್ಲ, ನಾಲಿಗೆ ಬಾಯಿಯೊಳಗೆ ನಿಲ್ಲುವುದಿಲ್ಲ.

"ಆದ್ರೆ ಮಿಸ್, ಜಾಡಿ ಒಂದೇ ಅಲ್ವಾ? ಒಳಗಿರೋ ಗಾಳೀನೂ ಅಷ್ಟೇ. ಬತ್ತಿ ಜಾಸ್ತಿ ಇಟ್ರೆ, ತಿನ್ನೋಕೆ ಆಮ್ಲಜನಕ ಜಾಸ್ತಿ ಎಲ್ಲಿಂದ ಬಂತು?"

"ಅದು ಪರೀಕ್ಷೆಗೆ ಬರಲ್ಲ. ಹೋಗಿ ಕೂತ್ಕೋ" ಎಂದೆ.

ಜನವರಿ ೧೮, ಗುರುವಾರ

ದಿನವಿಡೀ ತಲೆನೋವು. ಆ ಹುಡುಗಿಯ ಪ್ರಶ್ನೆಯಿಂದಲ್ಲ, ಬಿಸಿಲಿಗೆ. ಮೋಡವಿತ್ತು, ಆದರೂ.

ಜನವರಿ ೨೧, ಭಾನುವಾರ

ಹೆಡ್ಮಾಸ್ಟರಾಗುವವಳಿಗೆ ಎಲ್ಲವೂ ಖಚಿತವಾಗಿ ಗೊತ್ತಿರಬೇಕು. ಆ ಒಂದೇ ಕಾರಣಕ್ಕೆ ಇಂದು ಮನೆಯಲ್ಲೂ ಮಾಡಿ ನೋಡಿದೆ. ಊಟದ ತಟ್ಟೆ, ಜಾಮ್ ಖಾಲಿಯಾದ ಜಾಡಿ, ಕರೆಂಟು ಹೋದಾಗ ಬೇಕೆಂದು ಇಟ್ಟಿದ್ದ ಬತ್ತಿಗಳು. ಯಜಮಾನರು ಬಾಗಿಲಲ್ಲಿ ನಿಂತು, "ಏನೇ ಇದು, ಊಟ ಇದೆಯಾ ಇವತ್ತು, ಇಲ್ಲಾ ಬರೀ ಬೆಳಕಾ?" ಎಂದರು.

ಹಲಗೆಯ ಮೇಲೆ ಮಾಡುವಾಗ ಕಾಣದ ಒಂದು ವಿಷಯ ಇಲ್ಲಿ ಕಂಡಿತು. ಬತ್ತಿ ಉರಿಯುತ್ತಿರುವಾಗ ನೀರು ಹೆಚ್ಚುಕಡಿಮೆ ಸುಮ್ಮನೆ ಇರುತ್ತದೆ. ಆರಿದ ಮೇಲೆ ನುಗ್ಗುತ್ತದೆ. ಬತ್ತಿ ತಿನ್ನುವುದರಿಂದ ಜಾಗ ಖಾಲಿಯಾಗುವುದಾದರೆ ತಿನ್ನುವಾಗಲೇ ಏರಬೇಕಲ್ಲ. ಪಂಕ್ತಿಯಲ್ಲಿ ಒಬ್ಬರು ಎದ್ದ ಜಾಗಕ್ಕೆ, ಎಲ್ಲರ ಊಟವೂ ಮುಗಿಯಲಿ ಎಂದು ಕಾದು ಬರುವವರುಂಟೇ? ಜಾಡಿ ಇಳಿಸುವಾಗ ಅಂಚಿನಿಂದ ಗುಳ್ಳೆಗಳೂ ಹೊರಟವು. ಅವೇನು ಎಂದು ಪುಸ್ತಕದಲ್ಲಿ ಹುಡುಕಿದೆ. ಪುಸ್ತಕದ ಚಿತ್ರದಲ್ಲಿ ಗುಳ್ಳೆಗಳೇ ಇಲ್ಲ.

ಜಾಡಿಗೆ ಮಸಿ ಹಿಡಿದಿತ್ತು. ಬಿಸಿನೀರಿನಲ್ಲಿ ತೊಳೆದು ಹಾಗೇ ತಟ್ಟೆಯ ನೀರಿನಲ್ಲಿ ಬೋರಲು ಹಾಕಿ, ಯಜಮಾನರಿಗೆ ಎರಡು ಮಾತು ಹೇಳಲು ತಿರುಗಿದೆ. ಹೇಳಿ ಮುಗಿಸಿ ಇತ್ತ ನೋಡಿದರೆ ನೀರು ಜಾಡಿಯೊಳಗೆ ಏರಿ ನಿಂತಿದೆ.

ಬತ್ತಿಯೇ ಇಲ್ಲ. ಬೆಂಕಿಯೇ ಇಲ್ಲ. ತಿನ್ನುವವರೇ ಇಲ್ಲ!

"ಭೂತ ಕಂಡೋರ ಹಾಗೆ ಯಾಕೆ ನಿಂತಿದ್ದೀಯ?"

"ರೀ, ಇಲ್ನೋಡಿ. ಬಿಸಿ ಜಾಡಿ ಒಳಗಿನ ಗಾಳಿ ಹಿಗ್ಗಿ ಒಂದಿಷ್ಟು ಹೊರಗೆ ಹೋಗಿರುತ್ತೆ. ತಣ್ಣಗಾದಾಗ ಉಳಿದಿದ್ದು ಕುಗ್ಗುತ್ತೆ, ಅದಕ್ಕೇ ನೀರು ಏರುತ್ತೆ. ಬತ್ತಿ ಮಾಡೋ ಕೆಲಸಾನೂ ಹೆಚ್ಚಾಗಿ ಇದೇ. ಬತ್ತಿ ಜಾಸ್ತಿ ಇಟ್ರೆ ಬಿಸಿ ಜಾಸ್ತಿ, ಅಷ್ಟೇ! ಐದನೇ ಒಂದು ಭಾಗಕ್ಕೂ ಇದಕ್ಕೂ ಸಂಬಂಧಾನೇ ಇಲ್ಲ!"

ಅವರು ಸ್ವಲ್ಪ ಹೊತ್ತು ಜಾಡಿಯನ್ನೇ ನೋಡಿದರು. "ಹಾಗಾದ್ರೆ ಇಷ್ಟು ವರ್ಷ ಏನು ಕಲಿಸ್ತಿದ್ದೆ?"

ರಕ್ತದೊತ್ತಡ ಏರಿತು. ಬರೆಯುತ್ತಿದ್ದೇನೆ. ಇನ್ನೂ ಇಳಿದಿಲ್ಲ.

ಜನವರಿ ೨೪, ಬುಧವಾರ

ಕಿರುಪರೀಕ್ಷೆಯ ಉತ್ತರಗಳನ್ನು ತಿದ್ದಿದೆ. ತಾಲೀಮಿನ ದಿನ ನೀರು ಅರ್ಧಕ್ಕೆ ನಿಂತಿದ್ದನ್ನೂ ಟೇಪು ದಾಟಿದ್ದನ್ನೂ ಕಣ್ಣಾರೆ ಕಂಡ ಮಕ್ಕಳೆಲ್ಲ 'ಐದನೇ ಒಂದು ಭಾಗ ಏರುವುದನ್ನು ಕಂಡೆವು' ಎಂದು ಬರೆದಿದ್ದಾರೆ. ಆ ದಿನ ಲ್ಯಾಬಿಗೇ ಬಾರದವರೂ ಕಂಡಿದ್ದಾರೆ. ಇಷ್ಟು ವರ್ಷದ ನನ್ನ ಶ್ರಮ ವ್ಯರ್ಥವಾಗಿಲ್ಲ.

'ಆದ್ರೆ' ಮಾತ್ರ ಹೀಗೆ ಬರೆದಿದ್ದಾಳೆ: 'ಎಷ್ಟು ಏರುತ್ತದೆ ಎಂಬುದು ಎಷ್ಟು ಬತ್ತಿ ಎಂಬುದರ ಮೇಲೆ ನಿಂತಿದೆ. ಯಾಕೆ ಎಂದು ನನಗೆ ಗೊತ್ತಿಲ್ಲ.'

ಉತ್ತರ ಸೂಚಿಯ ಪ್ರಕಾರ ಇದಕ್ಕೆ ಸೊನ್ನೆ. ಸೊನ್ನೆ ಹಾಕಿದ್ದೇನೆ. ಪೆನ್ಸಿಲ್ಲಿನಲ್ಲಿ ಹಾಕಿದ್ದೇನೆ, ಕೆಂಪು ಪೆನ್ನು ಎಲ್ಲೋ ಬಿದ್ದುಹೋಗಿತ್ತು.

ಜನವರಿ ೨೯, ಸೋಮವಾರ

ನಾಡಿದ್ದು ತಪಾಸಣೆ. ನಮ್ಮ ಶಾಲೆಯಲ್ಲಿ ಒಂದು ಹಳೆಯ ಪದ್ಧತಿ ಇದೆ. ತಪಾಸಣೆಯ ದಿನ ಕೆಲವು ಮಕ್ಕಳಿಗೆ ಹೊಟ್ಟೆನೋವು ಬರುತ್ತದೆ. ಯಾರಿಗೆ ಬರಬೇಕೆಂದು ಹಿಂದಿನ ದಿನವೇ ತೀರ್ಮಾನವಾಗಿರುತ್ತದೆ. ಸಾಮಾನ್ಯವಾಗಿ ಅದು ಓದು ಬಾರದವರಿಗೆ ಬರುವ ಕಾಯಿಲೆ. ಈ ಸಲ ಹೆಡ್ಮಾಸ್ಟರು ನನ್ನನ್ನು ಕರೆದು, "ಆ 'ಆದ್ರೆ'ಗೆ ಬುಧವಾರ ಜ್ವರ ಬರ್ಲಿ ಮೇಡಂ. ನೀವೇ ಹೇಳ್ಬಿಡಿ, ನಿಮ್ಮ ಮಾತು ಕೇಳ್ತಾಳೆ" ಎಂದರು.

ನನ್ನ ಮಾತು ಕೇಳುತ್ತಾಳೆ ಎಂಬ ಸುದ್ದಿ ನನಗೆ ಹೊಸದು.

ಸಂಜೆ ಅವಳನ್ನು ಲ್ಯಾಬಿಗೆ ಕರೆಸಿದೆ. ಬಂದವಳೇ ಮೇಜಿನ ಮೇಲಿದ್ದ ಜಾಡಿ ನೋಡಿದಳು. ಜ್ವರದ ವಿಷಯ ಎತ್ತುವ ಮೊದಲು, ಇರಲಿ ಎಂದು ಬಿಸಿನೀರಿನ ಆಟವನ್ನು ಒಮ್ಮೆ ತೋರಿಸಿದೆ. ಬಾಯಿ ತೆರೆದವಳು ಮುಚ್ಚಲಿಲ್ಲ. ಒಂದು 'ಆದ್ರೆ' ಕೂಡ ಹೊರಗೆ ಬರಲಿಲ್ಲ. ಆಮೇಲೆ ತನ್ನ ಕರ್ಚೀಫನ್ನು ತಣ್ಣೀರಿನಲ್ಲಿ ಅದ್ದಿ ಜಾಡಿಯ ಮೈಗೆ ಸುತ್ತಿದಳು. ನೀರು ಇನ್ನೂ ಒಂದಿಷ್ಟು ಏರಿತು. ಅದು ನನಗೆ ಹೊಳೆದಿರಲಿಲ್ಲ.

"ಮಿಸ್, ಹಾಗಾದ್ರೆ ನಾನು ಬರೆದಿದ್ದು ತಪ್ಪಲ್ವಾ?"

"ಅಕ್ಷರ ತಪ್ಪಿತ್ತು" ಎಂದೆ.

ಬೀಗದಣ್ಣ ಕೀಲಿ ಕುಣಿಸಿಕೊಂಡು ಬಾಗಿಲಲ್ಲಿ ನಿಲ್ಲುವವರೆಗೂ ಅಲ್ಲೇ ಇದ್ದೆವು. ಮನೆಗೆ ಬಂದ ಮೇಲೆ ನೆನಪಾಯಿತು, ಜ್ವರದ ವಿಷಯ ಹೇಳಲು ಮರೆತೇಬಿಟ್ಟಿದ್ದೇನೆ. ವಯಸ್ಸಾಯಿತು.

ಜನವರಿ ೩೦, ಮಂಗಳವಾರ

"ಹೇಳಿದ್ರಾ?" ಎಂದು ಹೆಡ್ಮಾಸ್ಟರು ಕೇಳಿದರು. "ಎಲ್ಲಾ ಹೇಳಿದ್ದೀನಿ" ಎಂದೆ. ಎಲ್ಲಾ ಎಂದರೆ ಏನು ಎಂದು ಅವರು ಕೇಳಲಿಲ್ಲ.

ಜನವರಿ ೩೧, ಬುಧವಾರ

 ನಡೆದದ್ದನ್ನು ನಡೆದ ಹಾಗೇ ಬರೆದುಬಿಡುತ್ತೇನೆ.

ಅಧಿಕಾರಿಗಳು ಹತ್ತೂವರೆಗೆ ಬಂದರು. ಕೋಟು ಹಾಕಿದ್ದರು, ಸಂಭಾವಿತರ ಹಾಗೆ ಕಂಡರು. ಎರಡು ಸಲ ಟೀ ಕುಡಿದು ಲ್ಯಾಬಿಗೆ ಬಂದರು. ಬಾಯಿಪಾಠದಲ್ಲಿ ಗಟ್ಟಿಗನಾದ ಹುಡುಗ ಉಸಿರು ಬಿಡದೆ ಉದ್ದೇಶ, ಸಾಮಗ್ರಿ, ವಿಧಾನ ಒಪ್ಪಿಸಿದ. ಗಾಬರಿಯಲ್ಲಿ, ಬತ್ತಿ ಹಚ್ಚುವ ಮೊದಲೇ ತೀರ್ಮಾನವನ್ನೂ ಹೇಳಿಬಿಟ್ಟ. ಅಧಿಕಾರಿಗಳಿಗೆ ಅದು ತಪ್ಪೆನಿಸಲಿಲ್ಲ, ತಲೆಯಾಡಿಸಿದರು. ಬೀಗದಣ್ಣ ಆ ಎರಡು ಬತ್ತಿಗಳನ್ನು ಒಡವೆಯ ಹಾಗೆ ತಂದಿಟ್ಟ. ನಾನು ಜಾಡಿ ಇಳಿಸಿದೆ. ನೀರು ಟೇಪಿನ ಅಂಚಿಗೆ ಬಂದು, ಹೇಳಿಕೊಟ್ಟ ಮಗುವಿನಂತೆ ನಿಂತಿತು. ಹೆಡ್ಮಾಸ್ಟರು ಉಸಿರು ಬಿಟ್ಟದ್ದು ಈ ಕಡೆಯ ಗೋಡೆಗೂ ಕೇಳಿಸಿತು.

ಅಧಿಕಾರಿಗಳು ಪೆನ್ನು ತೆಗೆದರು. ಬರೆಯುವ ಮೊದಲು ವಾಡಿಕೆಯಂತೆ, "ಮಕ್ಕಳೇ, ಯಾರಿಗಾದ್ರೂ ಏನಾದ್ರೂ ಕೇಳೋದಿದೆಯಾ?" ಎಂದರು.

ಒಂದು ಕೈ ಮೇಲೆದ್ದಿತು. ಹೆಡ್ಮಾಸ್ಟರು ನನ್ನ ಕಡೆ ನೋಡಿದ ನೋಟವನ್ನು ಬರೆಯುವ ಶಕ್ತಿ ಈ ಪೆನ್ನಿಗಿಲ್ಲ.

"ಆದ್ರೆ ಸರ್, ಇದೇ ಜಾಡೀಲಿ ನಾಲ್ಕು ಬತ್ತಿ ಇಟ್ರೆ ಎಷ್ಟು ಏರುತ್ತೆ?"

"ನಾಲ್ಕಿಟ್ರೂ ಅಷ್ಟೇನಮ್ಮ. ಒಳಗಿರೋ ಗಾಳಿ ಅಷ್ಟೇ ತಾನೇ?" ಎಂದು ನಕ್ಕು, ನನ್ನ ಕಡೆ ತಿರುಗಿದರು. "ಅಲ್ವಾ ಮೇಡಂ?"

'ಹೌದು ಸರ್' ಎಂದರೆ ಮುಗಿಯುತ್ತಿತ್ತು. ಕೆಲಸಕ್ಕೆ ಸೇರಿದ ದಿನದಿಂದ ನಾನು ಅತಿ ಹೆಚ್ಚು ಸಲ ಆಡಿದ ಮಾತು ಅದೇ ಇರಬೇಕು. ನಾಲಿಗೆಯ ತುದಿಗೆ ಬಂದಿತ್ತು ಕೂಡ. ಕುರ್ಚಿ ನನ್ನದಾಗುತ್ತಿತ್ತು. ಆದರೆ ಆ ಹುಡುಗಿ ಅಧಿಕಾರಿಗಳನ್ನು ನೋಡುತ್ತಿರಲಿಲ್ಲ, ಕನ್ನಡಕ ಮೇಲೆ ತಳ್ಳಿಕೊಂಡು ನನ್ನನ್ನೇ ನೋಡುತ್ತಿದ್ದಳು. ಉತ್ತರ ಅವಳಿಗೆ ಗೊತ್ತಿತ್ತು. ನನಗೆ ಗೊತ್ತಿದೆ ಎಂಬುದೂ ಗೊತ್ತಿತ್ತು. ನಾನು ಹೌದು ಎಂದರೆ ಅವಳು ಇನ್ನು ಯಾವತ್ತೂ ಕೈ ಎತ್ತುವುದಿಲ್ಲ ಎಂದು ನನಗೆ ಭಯವಾಯಿತು. ಯಾಕೆ ಭಯವಾಯಿತೋ. ಅವಳು ಕೈ ಎತ್ತದಿರಲಿ ಎಂದು ವರ್ಷವಿಡೀ ಹಂಬಲಿಸಿದವಳು ನಾನೇ.

"ಇಟ್ಟೇ ನೋಡೋಣ ಸರ್. ಜಾಡಿ ಇಲ್ಲೇ ಇದೆಯಲ್ಲ" ಎಂದೆ.

"ಬೇರೆ ಬತ್ತಿ ಇಲ್ಲ ಮೇಡಂ" ಎಂದು ಬೀಗದಣ್ಣ ಅಡ್ಡಬಂದ. ನನ್ನ ಕೈಚೀಲದಲ್ಲಿದ್ದವು. ಬೆಳಿಗ್ಗೆ ಅವಸರದಲ್ಲಿ ಹೇಗೋ ಬಿದ್ದಿರಬೇಕು.

ನಾಲ್ಕು ಬತ್ತಿ ಹಚ್ಚಿದೆವು. ಜಾಡಿಯನ್ನು ಅವಳ ಕೈಗೇ ಕೊಟ್ಟೆ. ಜ್ವಾಲೆಯ ಮೇಲೆ ನಿಧಾನವಾಗಿ ಇಳಿಸಿದಳು. ಗುಳ್ಳೆಗಳು ಹೊರಟವು, ಬತ್ತಿಗಳು ಒಂದೊಂದಾಗಿ ಆರಿದವು, ನೀರು ನುಗ್ಗಿತು. ಟೇಪನ್ನು ದಾಟಿ, ಅದರ ಮೇಲೆ ಇನ್ನೂ ಅಷ್ಟೇ ಏರಿತು. "ಹೋಯ್ತು! ಗೆರೆ ದಾಟ್ತು!" ಎಂದು ಮಕ್ಕಳು ಕಿರುಚಿದರು. ಬಾಯಿಪಾಠದ ಹುಡುಗನೂ ಕಿರುಚಿದ. ಒಂದು ಗಳಿಗೆ ಅಧಿಕಾರಿಗಳು ಮೊಣಕಾಲು ಬಗ್ಗಿಸಿ, ಮೂಗು ಗಾಜಿಗೆ ತಾಗುವಷ್ಟು ಹತ್ತಿರ ಬಗ್ಗಿ ನೋಡಿದರು. ಆಮೇಲೆ ಕೋಟು ನೆನಪಾಯಿತೇನೋ, ನೆಟ್ಟಗೆ ನಿಂತರು.

"ಜಾಡೀಲಿ ಏನೋ ದೋಷ ಇದೆ."

"ಜಾಡಿ ಸರಿಯಾಗಿದೆ ಸರ್. ಪುಸ್ತಕ ಸರಿಯಾಗಿಲ್ಲ."

 ಅವರು ಪೆನ್ನಿನ ಮುಚ್ಚಳ ಹಾಕಿದರು. "ಆ ಪುಸ್ತಕದ ಸಮಿತೀಲಿ ನಾನೂ ಇದ್ದೆ ಮೇಡಂ" ಎಂದರು.

ಫೆಬ್ರುವರಿ ೧೨, ಸೋಮವಾರ

ವರದಿ ಬಂತು. 'ಪ್ರಯೋಗವು ನಿರೀಕ್ಷಿತ ಫಲಿತಾಂಶ ನೀಡಲಿಲ್ಲ. ಶಿಕ್ಷಕಿಗೆ ಪಠ್ಯದ ಮೇಲೆ ಹಿಡಿತ ಸಾಲದು.' ಕುರ್ಚಿ ಗಣಿತದ ಮೇಷ್ಟ್ರಿಗೆ. ಸಿಹಿ ಹಂಚಿದರು. ನನಗೆ ಎರಡು ಕೊಟ್ಟರು.

ಹೆಡ್ಮಾಸ್ಟರು ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. "ಪ್ರಯೋಗದ ಮೇಲೆ ನಿಮಗೆ ಅಷ್ಟು ಪ್ರೀತಿ ಇದ್ರೆ ಲ್ಯಾಬು ನೀವೇ ಇಟ್ಕೊಳ್ಳಿ" ಎಂದು ಉಸ್ತುವಾರಿಯನ್ನು ನನ್ನ ತಲೆಗೆ ಕಟ್ಟಿದರು. ಬೀಗದಣ್ಣ ಕೀಲಿಗೊಂಚಲು ಬಿಚ್ಚಿಕೊಡುವಾಗ ಮಗಳನ್ನು ಗಂಡನ ಮನೆಗೆ ಕಳಿಸುವವನ ಮುಖ ಮಾಡಿದ.

ಮನೆಗೆ ಬಂದು ಬಚ್ಚಲಲ್ಲಿ ನಲ್ಲಿ ಬಿಟ್ಟು ಅತ್ತೆ.  ರಾತ್ರಿ ಊಟಕ್ಕೆ ಯಜಮಾನರೇ ಬಡಿಸಿದರು.

ಮಾರ್ಚ್ ೪, ಸೋಮವಾರ

ಬರೆಯಲು ಪುರುಸೊತ್ತಿಲ್ಲ. ಎರಡು ಜಾಡಿ ಒಡೆದವು, ಒಬ್ಬನ ಹುಬ್ಬು ಸ್ವಲ್ಪ ಸುಟ್ಟಿತು, ತಕ್ಕಡಿಯ ಜೇಡವನ್ನು ಎಬ್ಬಿಸಬಾರದೆಂದು ಎಂಟನೇ ತರಗತಿಯವರು ಅರ್ಜಿ ಕೊಟ್ಟಿದ್ದಾರೆ. ಇದೊಂದು ದೊಡ್ಡ ಶಿಕ್ಷೆ. ಸಂಜೆಯಾದರೂ ಮನೆಗೆ ಹೋಗಲು ಬಿಡುವುದಿಲ್ಲ. ಡಾಕ್ಟರು ರಕ್ತದೊತ್ತಡ ಇಳಿದಿದೆ ಎಂದರು. ಯಂತ್ರ ಕೆಟ್ಟಿರಬೇಕು.

ಮಾರ್ಚ್ ೨೭, ಬುಧವಾರ

ಹತ್ತನೇ ತರಗತಿಯ ಕೊನೆಯ ಪರೀಕ್ಷೆ ಇಂದು, ವಿಜ್ಞಾನ. ಪ್ರಶ್ನೆಪತ್ರಿಕೆ ಕೈಗೆ ಸಿಕ್ಕಿದಾಗ ಮೊದಲು ಕಣ್ಣಿಗೆ ಬಿದ್ದದ್ದು ಇದು: 'ಉರಿಯುವ ಬತ್ತಿಯ ಮೇಲೆ ಜಾಡಿ ಬೋರಲು ಹಾಕಿದಾಗ ನೀರು ಎಷ್ಟು ಭಾಗ ಏರುತ್ತದೆ? ಯಾಕೆ? ಚಿತ್ರ ಸಹಿತ ವಿವರಿಸಿ.' ಐದು ಅಂಕ.

ಗೇಟಿನ ಹತ್ತಿರ ನಿಂತಿದ್ದೆ. ಸುಮ್ಮನೆ, ಗಾಳಿಗೆ. 'ಆದ್ರೆ' ಬಂದಳು.

"ಏನು ಬರೆದೆ?"

"ಐದನೇ ಒಂದು ಭಾಗ ಅಂತ ಬರೆದೆ ಮಿಸ್. ಬತ್ತಿ ಆಮ್ಲಜನಕ ತಿನ್ನುತ್ತೆ, ಅದಕ್ಕೇ ಅಂತ. ಚಿತ್ರಾನೂ ಹಾಕಿದೆ, ಗುಳ್ಳೆ ಹಾಕಲಿಲ್ಲ."

ನನಗೆ ಸಂತೋಷವಾಗಬೇಕಿತ್ತು. ಪೂರ್ತಿ ಅಂಕ ಬರುವ ಉತ್ತರ, ಕೂದಲೆಳೆ ಸೀಳಿದರೂ ತಪ್ಪು ಸಿಗುವುದಿಲ್ಲ. ಆದರೂ ಬಹಳ ಬೇಜಾರಾಯಿತು, ಕುರ್ಚಿ ಹೋದಾಗಿನದಕ್ಕಿಂತ ಹೆಚ್ಚು.

"ನೀನು ಕಂಡಿದ್ದು ಅದಲ್ಲವಲ್ಲೇ?"

"ಅಲ್ಲ ಮಿಸ್." ಅವಳಿಗೆ ನನ್ನ ಬಗ್ಗೆ ಮರುಕ ಬಂದಂತಿತ್ತು. ಸಣ್ಣ ಮಗುವಿಗೆ ಬಿಡಿಸಿ ಹೇಳುವ ಹಾಗೆ ಹೇಳಿದಳು. "ಆದ್ರೆ ಪೇಪರ್ ತಿದ್ದೋರ ಹತ್ರ ಜಾಡಿ ಇರಲ್ವಲ್ಲ."

 ಅವಳು ಪೆನ್ನನ್ನು ಡಬ್ಬಿಗೆ ಹಾಕಿ, ಡಬ್ಬಿಯನ್ನು ಚೀಲಕ್ಕೆ ಹಾಕಿ, ಚೀಲವನ್ನು ಬೆನ್ನಿಗೇರಿಸಿ, ಹೊರಡುವವಳು ಹೊರಡದೆ ನಿಂತಳು.

"ಪರೀಕ್ಷೆ ಎಲ್ಲಾ ಮುಗೀತಲ್ಲ ಮಿಸ್, ಇನ್ನು ವಿಜ್ಞಾನ ಮಾಡಬಹುದು. ನಾಳೆ ಲ್ಯಾಬು ತೆಗೀತೀರಾ?"

ನಾಳೆಯಿಂದ ರಜೆ. ರಜೆಯಲ್ಲಿ ಶಾಲೆಗೆ ಬರುವಷ್ಟು ಹುಚ್ಚು ನನಗಿನ್ನೂ ಹಿಡಿದಿಲ್ಲ. ಒಂಬತ್ತು ಗಂಟೆಗೆ ಬಾ ಎಂದೆ.